ಮಕ್ಕಳನ್ನು ಉಮ್ಮನ ಬಳಿ ಬಿಟ್ಟು ನಾವಿಬ್ಬರೇ ಹೋದೆವು

"ಮಕ್ಕಳೆಲ್ಲಿ?"

ಗೋಳಗುಮ್ಮಟದ ಎದುರು ನಾನೂ ನನ್ನ ಗಂಡನೂ ನಿಂತಿರುವ ಒಂದು ಫೋಟೋವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಐದು ನಿಮಿಷದೊಳಗೆ ಬಂದ ಮೊದಲ ಮಾತು ಇದು. ಮಕ್ಕಳು ಮನೆಯಲ್ಲಿ ಉಮ್ಮನ ಜೊತೆ ಇದ್ದಾರೆ ಎಂದು ಬರೆದೆ. ಆಮೇಲೆ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಬರೆಯುವುದಕ್ಕೆ ಬದಲಾಗಿ ಫೋನ್ ಮಾಡತೊಡಗಿದರು. ಮಾಮಿಯೊಬ್ಬರು ಕೇಳಿದರು, "ಅಷ್ಟು ಸಣ್ಣ ಮಕ್ಕಳನ್ನು ಬಿಟ್ಟು ರಾತ್ರಿ ಲಾಡ್ಜಿನಲ್ಲಿ ಉಳಿದಿರಂತೆ, ಹೌದಾ? ಏನಾದರೂ ಆಸ್ಪತ್ರೆ ಕೆಲಸ ಇತ್ತಾ?"

ಆಸ್ಪತ್ರೆ ಕೆಲಸ ಇರಲಿಲ್ಲ. ಮದುವೆಯೂ ಇರಲಿಲ್ಲ, ಮರಣವೂ ಇರಲಿಲ್ಲ. ಸುಮ್ಮನೆ ಹೋದದ್ದು. ಈ "ಸುಮ್ಮನೆ" ಎಂಬ ಉತ್ತರ ನಮ್ಮವರಲ್ಲಿ ಯಾರಿಗೂ ಸಮಾಧಾನ ಕೊಡುವುದಿಲ್ಲ. ಆದ್ದರಿಂದ ಮಾಮಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಇರುವುದು ವಳಸಂಗದಲ್ಲಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕು. ಗಡಿಯ ಆಚೆಗಿದ್ದರೂ ಮನೆಮಾತಾಗಿ ಕನ್ನಡ ಆಡುವವರು ಬೇಕಾದಷ್ಟು ಇದ್ದಾರೆ. ತಾಲೂಕಿನಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ. ಕಚೇರಿಯ ಕಾಗದ, ಬಸ್ಸಿನ ಬೋರ್ಡು ಮರಾಠಿ. 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತದ ಹಳ್ಳಿಗಳ ಮಾತು ಎತ್ತಿದಾಗ ಕೆಲವು ದಿನ ನಮ್ಮ ತಾಲೂಕಿನ ಹೆಸರು ಟಿವಿಯಲ್ಲಿ ಬಂತು. ಊರಿನಿಂದ ಎಲ್ಲರೂ ಫೋನ್ ಮಾಡಿ "ನೀವು ಈಗ ಯಾವ ರಾಜ್ಯದಲ್ಲಿದ್ದೀರಿ?" ಎಂದು ತಮಾಷೆ ಮಾಡಿದ್ದರು. ಮಳೆ ಕಡಿಮೆಯ ಸೀಮೆ ಇದು. ನೀರು ಸಿಕ್ಕಿದವರು ದ್ರಾಕ್ಷಿ, ದಾಳಿಂಬೆ ಬೆಳೆಯುತ್ತಾರೆ. ಉಪ್ಪಿನಂಗಡಿಯಲ್ಲಿ ನೇತ್ರಾವತಿ, ಕುಮಾರಧಾರಾ ಎರಡೂ ಹೊಳೆ ನೋಡಿ ಬೆಳೆದ ನನಗೆ ಮೊದಲ ವರ್ಷ ಇಲ್ಲಿ ಕಣ್ಣಿಗೂ ಬಾಯಾರಿಕೆಯಾಗುತ್ತಿತ್ತು.

ನನ್ನ ಗಂಡನದು ಇಲ್ಲಿ ಸಣ್ಣ ಬೇಕರಿ. ಬನ್ನು, ಟೋಸ್ಟು, ಖಾರಿ, ಹುಟ್ಟುಹಬ್ಬಕ್ಕೆ ಕೇಕು. ಬೆಳಗಿನ ಜಾವ ನಾಲ್ಕಕ್ಕೆ ಭಟ್ಟಿಯ ಮುಂದೆ ನಿಂತರೆ ರಾತ್ರಿ ಒಂಬತ್ತೂವರೆಗೆ ಶಟರ್ ಎಳೆಯುವುದು. ಮದುವೆಯಾಗಿ ಏಳು ವರ್ಷ. ಮಗಳಿಗೆ ಐದು, ಮಗನಿಗೆ ಮೂರು. ಅಂಗಡಿಯಲ್ಲಿ ಇವರು ಕನ್ನಡ, ಮರಾಠಿ ಎರಡೂ ಮಾತಾಡುತ್ತಾರೆ. ಹಾಲು, ತರಕಾರಿ, ಪಕ್ಕದ ಮನೆಯಲ್ಲಿ ನನಗೆ ಇಲ್ಲಿನ ಕನ್ನಡ ಸಾಕು. ಆದರೆ ಇಡೀ ವಳಸಂಗದಲ್ಲಿ ನಾನು ಬ್ಯಾರಿ ಮಾತಾಡಬಹುದಾದ ದೊಡ್ಡ ಮನುಷ್ಯ ಎಂದರೆ ನನ್ನ ಗಂಡ ಒಬ್ಬರೇ. ಇದನ್ನು ಕರಾವಳಿಯಲ್ಲಿ ಕೂಡುಕುಟುಂಬದ ನಡುವೆ ಇರುವವರು ಸ್ವಲ್ಪ ಊಹಿಸಿಕೊಳ್ಳಬೇಕು.

ಆ ಒಬ್ಬರ ಜೊತೆಯೂ ಮಾತು ಕಡಿಮೆಯಾಗುತ್ತಾ ಬಂದಿತ್ತು. ಜಗಳ ಏನೂ ಇರಲಿಲ್ಲ. ಜಗಳವಾಡಲಿಕ್ಕೂ ಹೊತ್ತು ಬೇಕು. ಇವರು ಊಟಕ್ಕೆ ಬಂದಾಗ ಮಗನ ಕೈಯಲ್ಲಿ ಅನ್ನ, ಮಗಳ ಕೈಯಲ್ಲಿ ಫೋನು. "ಬಾ, ಪೋ, ತಿನ್ನ್" ಇಷ್ಟರಲ್ಲೇ ನಮ್ಮ ಮನೆಯ ಬ್ಯಾರಿ ಮುಗಿದುಹೋಗುತ್ತಿತ್ತು. ಒಂದು ದಿನ ಮಗಳು ತನ್ನ ಗೊಂಬೆಯ ಜೊತೆ ಆಡುತ್ತಿದ್ದಳು. ಗೊಂಬೆಗೆ ಗದರುವಾಗ ಬ್ಯಾರಿ, ಗೊಂಬೆಯ ಜೊತೆ ಕತೆ ಹೇಳುವಾಗ ಇಲ್ಲಿನ ಕನ್ನಡ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟೆ. ಮಗುವಿಗೆ ನಮ್ಮ ಭಾಷೆ ಗದರುವ ಭಾಷೆಯಾಗಿ ಮಾತ್ರ ಗೊತ್ತಾಗಿತ್ತು. ತಪ್ಪು ಅವಳದ್ದಲ್ಲ. ಉಮ್ಮ ಉಪ್ಪ ಕೂತು ನಗುತ್ತಾ ಬ್ಯಾರಿಯಲ್ಲಿ ಮಾತಾಡಿದ್ದನ್ನು ಅವಳು ಎಷ್ಟು ಸಲ ಕೇಳಿದ್ದಾಳೆ?

ಆ ರಾತ್ರಿಯೇ ಇವರಿಗೆ ಹೇಳಿದೆ, "ಎರಡು ದಿನ ಎಲ್ಲಿಗಾದರೂ ಹೋಗೋಣ. ನಾವಿಬ್ಬರೇ." ಇವರು ಕೇಳಿದ್ದೂ ಮಾಮಿಯ ಪ್ರಶ್ನೆಯನ್ನೇ, "ಮಕ್ಕಳು?"

ಇಲ್ಲಿ ತವರೂ ಇಲ್ಲ, ಅತ್ತೆಮನೆಯೂ ಇಲ್ಲ. ನಮ್ಮ ಹಳೆಯ ಬ್ಯಾರಿ ಮನೆಗಳಲ್ಲಿ ಮದುವೆಯಾದ ಮೇಲೂ ಹೆಣ್ಣುಮಕ್ಕಳಿಗೆ ತವರಿನ ನಂಟು ಗಟ್ಟಿಯಾಗಿ ಇತ್ತು. ಹೆಂಡತಿ ಮನೆಗೆ ಬಂದು ಹೋಗುವ ಪುದಿಯಾಪ್ಲೆ, ಒಂದೇ ಅಂಗಳದಲ್ಲಿ ಅಕ್ಕತಂಗಿಯರ ಮಕ್ಕಳು. ಒಂದು ಮಗು ಅತ್ತರೆ ಎತ್ತಿಕೊಳ್ಳಲು ನಾಲ್ಕು ಸೊಂಟ ಇರುತ್ತಿತ್ತು. ಆ ಮನೆಗಳಲ್ಲಿ ಕಷ್ಟ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಒಬ್ಬಳೇ ತಾಯಿ ಹಗಲೂ ರಾತ್ರಿ ಇಬ್ಬರು ಮಕ್ಕಳನ್ನು ನೋಡಿಕೊಳ್ಳುವುದು ನಮ್ಮ ಹಿರಿಯರ ಪದ್ಧತಿಯೇ ಅಲ್ಲ. ಅದು ಬೇಕರಿಗೆ, ಕಂಪೆನಿಗೆ, ಗಲ್ಫಿಗೆ ಎಂದು ಊರು ಬಿಟ್ಟವರ ಪಾಲಿಗೆ ಹೊಸದಾಗಿ ಬಂದದ್ದು.

ಕೊನೆಗೆ ಉಮ್ಮನನ್ನೇ ಕೇಳಿದೆ. ಉಮ್ಮ ಒಂದು ನಿಮಿಷ ಸುಮ್ಮನಿದ್ದು, "ನೀನು ಟಿಕೆಟ್ ಮಾಡಿಸು" ಎಂದರು. ಮಂಗಳೂರಿನಿಂದ ವಿಜಯಪುರಕ್ಕೆ ನೇರ ರೈಲು ಇರುವುದು ನಮ್ಮಂಥವರಿಗೆ ದೊಡ್ಡ ಉಪಕಾರ. ಕಬಕ ಪುತ್ತೂರಿನಲ್ಲಿ ಹತ್ತಿದರೆ ಮರುದಿನ ಬೆಳಿಗ್ಗೆ ವಿಜಯಪುರ. ಉಮ್ಮ ನನ್ನ ತಮ್ಮನ ಜೊತೆ ಗುರುವಾರ ಹೊರಟು ಶುಕ್ರವಾರ ಬಂದರು. ತಮ್ಮ ಎರಡು ದಿನ ಬೇಕರಿಯ ಗಲ್ಲಾದಲ್ಲಿ ಕೂರಲು ಒಪ್ಪಿದ. ಅವನಿಗೆ ಮರಾಠಿ ಒಂದಕ್ಷರ ಬರುವುದಿಲ್ಲ. ಕೆಲಸದ ಹುಡುಗ ಭಟ್ಟಿ ನೋಡಿಕೊಂಡ, ತಮ್ಮ ದುಡ್ಡು ಎಣಿಸಿದ.

ಪಕ್ಕದ ಮನೆಯ ಆಯಿಗೂ ಹೇಳಿದೆ. ಅವರು ದಾಳಿಂಬೆ ತೋಟದ ಒಕ್ಕಲು ಮನೆಯವರು. "ಹೋಗಿ ಬಾರವಾ ತಂಗಿ. ಲಗ್ನ ಆದಮ್ಯಾಗ ಒಮ್ಮಿನೂ ಗಂಡನ ಜೋಡಿ ಪ್ಯಾಟಿ ನೋಡಿಲ್ಲಂದ್ರ ಹ್ಯಾಂಗ? ಹುಡುಗರನ್ನ ನಾನೂ ನೋಡತೀನಿ" ಎಂದರು. ನಮ್ಮವರೆಲ್ಲ ಮುಖ ಗಂಟಿಕ್ಕಿದ ಜಾಗದಲ್ಲಿ ಆಯಿ ನಕ್ಕರು. ಅದು ನನಗೆ ಧೈರ್ಯ ಕೊಟ್ಟಿತು.

ವಿಜಯಪುರವೇ ಏಕೆ ಎಂದರೆ ಅದು ಹತ್ತಿರ. ನಮ್ಮ ಜಿಲ್ಲಾ ಕೇಂದ್ರ ಸಾಂಗ್ಲಿಗಿಂತ ಹತ್ತಿರ. 2014ರಲ್ಲಿ ಸರಕಾರ ಹೆಸರು ಬದಲಿಸಿದರೂ ಇಲ್ಲಿನವರ ಬಾಯಲ್ಲಿ ಅದು ಇನ್ನೂ ಬಿಜಾಪುರವೇ. ಏಳು ವರ್ಷದಲ್ಲಿ ಊರಿಗೆ ಹೋಗಿಬರುವಾಗ ಹತ್ತಾರು ಸಲ ಅಲ್ಲಿ ಇಳಿದಿದ್ದೇನೆ. ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿಗೆ ಹೋಗುವಾಗ ಆಟೋದಿಂದಲೇ ಗುಮ್ಮಟ ನೋಡಿದ್ದು. ಎರಡು ಬ್ಯಾಗು, ಎರಡು ಮಕ್ಕಳು ಇದ್ದವರಿಗೆ ಅಷ್ಟೇ ಕಾಣುವುದು.

ಶನಿವಾರ ಬೆಳಿಗ್ಗೆ ಮಕ್ಕಳಿಗೆ ಹೇಳಿಯೇ ಹೊರಟೆವು. ಕದ್ದು ಹೋಗಬೇಡಿ ಎಂದು ಉಮ್ಮ ಮೊದಲೇ ಹೇಳಿದ್ದರು. ಮಗ ಅತ್ತ. ಮಗಳು ಅಳಲಿಲ್ಲ, ಅದು ಇನ್ನೂ ಕಷ್ಟವಾಯಿತು. ಜತ್ತದವರೆಗೆ ಎಸ್‌ಟಿ ಬಸ್ಸು. 2023ರಿಂದ ಮಹಾರಾಷ್ಟ್ರದ ಎಸ್‌ಟಿಯಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ಗಡಿ ದಾಟಿ ವಿಜಯಪುರ ಸೇರಿದ ಮೇಲೆ ನಗರದ ಬಸ್ಸಿನಲ್ಲಿ ನನಗೆ ಟಿಕೆಟ್ಟೇ ಇಲ್ಲ. ಅದೇ ವರ್ಷ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಗೆ ಕರ್ನಾಟಕದ ವಿಳಾಸ ಬೇಕು, ನನ್ನ ಆಧಾರಿನಲ್ಲಿ ಇನ್ನೂ ಉಪ್ಪಿನಂಗಡಿಯ ವಿಳಾಸವೇ ಇದೆ. ಆದರೆ ಅದೇ ಆಧಾರ್ ಲಾಡ್ಜಿನಲ್ಲಿ ತೊಂದರೆ ಕೊಟ್ಟಿತು. ಗಂಡನದು ಸಾಂಗ್ಲಿ ಜಿಲ್ಲೆ, ಹೆಂಡತಿಯದು ದಕ್ಷಿಣ ಕನ್ನಡ, ಜೊತೆಗೆ ಮಕ್ಕಳೂ ಇಲ್ಲ, ಒಂದೇ ಬ್ಯಾಗು. ಕೌಂಟರಿನವನು ಎರಡೆರಡು ಸಲ ನೋಡಿದ. ಇವರು ಮೊಬೈಲಿನಲ್ಲಿ ಮಕ್ಕಳ ಫೋಟೋ ತೋರಿಸಿದ ಮೇಲೆ ಕೀ ಕೊಟ್ಟ. ಗಂಡ ಹೆಂಡತಿ ಎನ್ನುವುದಕ್ಕೆ ಮಕ್ಕಳೇ ಸಾಕ್ಷಿ ಹೇಳಬೇಕಾಯಿತು.

ಮೊದಲ ಎರಡು ಗಂಟೆ ನಾನು ಮನುಷ್ಯಳಂತೆ ಇರಲಿಲ್ಲ ಎಂದೇ ಹೇಳಬೇಕು. ರಸ್ತೆ ದಾಟುವಾಗ ನನ್ನ ಕೈ ತಾನಾಗಿಯೇ ಕೆಳಗೆ ಹೋಗಿ ಸಣ್ಣ ಕೈಯೊಂದನ್ನು ಹುಡುಕುತ್ತಿತ್ತು. ಬಾಳೆಹಣ್ಣು ತೆಗೆದುಕೊಂಡರೆ ಎರಡು ತುಂಡು ಮಾಡುತ್ತಿದ್ದೆ. ನಾವು ಮಾತಾಡಿದ್ದೂ ಮಕ್ಕಳ ಬಗ್ಗೆಯೇ. ಮಧ್ಯಾಹ್ನ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಊಟ ಮಾಡಿದೆವು. ಎಷ್ಟೋ ಕಾಲದ ಮೇಲೆ ನಾನು ಬಿಸಿ ಇರುವಾಗಲೇ ಊಟ ಮುಗಿಸಿದ್ದು ಅಂದು.

ಗೋಳಗುಮ್ಮಟ ಮುಹಮ್ಮದ್ ಆದಿಲ್ ಶಾಹನ ಗೋರಿ. 1656ರಲ್ಲಿ ಅವನು ತೀರಿಕೊಂಡ. ಗುಮ್ಮಟದ ಹೊರಗಿನ ವ್ಯಾಸ ಸುಮಾರು 44 ಮೀಟರ್ ಎನ್ನುತ್ತಾರೆ. ನಡುವೆ ಒಂದು ಕಂಬವೂ ಇಲ್ಲ. ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಗುಮ್ಮಟದ ಒಳಸುತ್ತಿನಲ್ಲಿ ಒಂದು ಮೊಗಸಾಲೆ. ಅಲ್ಲಿ ಒಂದು ಬದಿಯಲ್ಲಿ ಪಿಸುಗುಟ್ಟಿದ್ದು ಎದುರು ಬದಿಯ ಗೋಡೆಯ ಹತ್ತಿರ ಸ್ಪಷ್ಟವಾಗಿ ಕೇಳುತ್ತದೆ, ಸದ್ದು ಮತ್ತೆ ಮತ್ತೆ ಮರುಕಳಿಸುತ್ತದೆ. ಇವರು ಆ ಬದಿಗೆ ಹೋದರು, ನಾನು ಈ ಬದಿಯಲ್ಲಿ ಗೋಡೆಗೆ ಕಿವಿ ಕೊಟ್ಟು ಕೂತೆ. ಏಳು ವರ್ಷದ ಮೇಲೆ ಗಂಡ ಏನು ಹೇಳಬಹುದು ಎಂದು ನನಗೆ ಸಣ್ಣ ಆಸೆ. ಗೋಡೆಯಿಂದ ಮಾತು ಬಂತು, "ನಿನ್ನ ತಮ್ಮನಿಗೆ ಕೇಕಿನ ಆರ್ಡರ್ ಇರುವುದು ಹೇಳಿದ್ದೀಯಾ?" ನಾನು ನಕ್ಕದ್ದು ಇಡೀ ಗುಮ್ಮಟಕ್ಕೆ ಕೇಳಿತು. ಅಷ್ಟರಲ್ಲಿ ಶಾಲೆಯ ಮಕ್ಕಳ ಒಂದು ದಂಡು ಬಂದು "ಹೋ" ಎಂದು ಕೂಗತೊಡಗಿತು. ಮಕ್ಕಳಿಲ್ಲದೆ ಹೊರಟವರಿಗೆ ಇಪ್ಪತ್ತು ಮಕ್ಕಳ ಗಲಾಟೆ ಸಿಕ್ಕಿತು.

ಸಂಜೆ ಟಾಂಗಾದಲ್ಲಿ ಜಾಮಿಯಾ ಮಸೀದಿಯ ಕಡೆ ಹೋದೆವು. ಇವರು ಮಗ್ರಿಬ್ ನಮಾಜು ಮುಗಿಸಿ ಬಂದರು. ರಾತ್ರಿ ಒಂಬತ್ತಕ್ಕೇ ಇಬ್ಬರಿಗೂ ನಿದ್ದೆ. ಮಾಮಿ ಕಲ್ಪಿಸಿಕೊಂಡದ್ದು ಏನೋ ಗೊತ್ತಿಲ್ಲ, ನಾವು ಲಾಡ್ಜಿನಲ್ಲಿ ಮಾಡಿದ್ದು ಹತ್ತು ಗಂಟೆ ಎಡೆಬಿಡದೆ ನಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಏಳದ ನನ್ನ ಗಂಡನನ್ನು ನಾನು ಹಬ್ಬದ ದಿನ ಬಿಟ್ಟರೆ ನೋಡಿದ್ದೇ ಇಲ್ಲ.

ಭಾನುವಾರ ಬೆಳಿಗ್ಗೆ ಇಬ್ರಾಹಿಂ ರೋಜಾಕ್ಕೆ ಹೋದೆವು. ಒಂದೇ ಕಟ್ಟೆಯ ಮೇಲೆ ಎದುರುಬದುರಾಗಿ ಒಂದು ಗೋರಿ, ಒಂದು ಮಸೀದಿ, ನಡುವೆ ಕಾರಂಜಿಯ ಕೊಳ. 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಮತ್ತು ಅವನ ರಾಣಿ ತಾಜ್ ಸುಲ್ತಾನಾ ಅಲ್ಲಿದ್ದಾರೆ. ಅವರಿಬ್ಬರೇ ಅಲ್ಲ, ಸುಲ್ತಾನನ ತಾಯಿ ಮತ್ತು ಮಕ್ಕಳೂ ಅದೇ ಸೂರಿನಡಿ ಇದ್ದಾರೆ. ಇವರು ಮೆಲ್ಲಗೆ ಹೇಳಿದರು, "ನೋಡು, ಸುಲ್ತಾನನಿಗೂ ಹೆಂಡತಿ ಜೊತೆ ಇಬ್ಬರೇ ಇರಲು ಜಾಗ ಸಿಗಲಿಲ್ಲ."

ನಗುತ್ತಾ ಕಟ್ಟೆಯ ನೆರಳಿನಲ್ಲಿ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಇವರು ನಗು ನಿಲ್ಲಿಸಿ, "ಒಂದು ಮಾತು ಹೇಳಲಿಕ್ಕಿತ್ತು" ಎಂದರು. ದಮ್ಮಾಮಿನಲ್ಲಿರುವ ಗೆಳೆಯನ ಮೂಲಕ ಅಲ್ಲಿನ ಬೇಕರಿಯೊಂದರಲ್ಲಿ ಕೆಲಸದ ಮಾತು ಬಂದಿತ್ತು. ಎರಡು ವರ್ಷದ ಕರಾರು. ಭಟ್ಟಿಗೆ ತೆಗೆದ ಸಾಲ ಇನ್ನೂ ಇದೆ, ಮಗಳ ಶಾಲೆ ಶುರುವಾಗುತ್ತದೆ. ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಮುಕ್ಕಾಲು ಪಾಲು ತೀರ್ಮಾನಿಸಿಯಾಗಿತ್ತು. ಮಾತು ಬಂದು ಮೂರು ವಾರವಾಗಿತ್ತು.

"ಮೂರು ವಾರ! ಒಂದೇ ಮನೆಯಲ್ಲಿದ್ದು ನನಗೆ ಹೇಳಲಿಲ್ಲ?" ಎಂದೆ. ಸಿಟ್ಟಿನಿಂದ ನನ್ನ ಧ್ವನಿ ನಡುಗುತ್ತಿತ್ತು.

"ಯಾವಾಗ ಹೇಳಲಿ ಹೇಳು? ಬೆಳಿಗ್ಗೆ ನೀನು ಏಳುವಾಗ ನಾನು ಭಟ್ಟಿಯ ಮುಂದೆ. ರಾತ್ರಿ ನಾನು ಬರುವಾಗ ಮಗನನ್ನು ಮಲಗಿಸುತ್ತಾ ನೀನೇ ಮಲಗಿರುತ್ತೀ. ಎಬ್ಬಿಸಿ ಹೇಳುವ ವಿಷಯವಾ ಇದು?"

ಅವರ ಮಾತಿನಲ್ಲಿ ಸುಳ್ಳು ಇರಲಿಲ್ಲ. ಆ ಕಟ್ಟೆಯಲ್ಲಿ ಎರಡು ಗಂಟೆ ಕೂತೆವು. ನಾನೂ ನನ್ನದನ್ನು ಹೇಳಿದೆ. ನೀವು ಹೋದರೆ ನಾನು ಈ ಊರಿನಲ್ಲಿ ಯಾರ ಜೊತೆ ಬ್ಯಾರಿ ಮಾತಾಡಲಿ, ಮಧ್ಯಾಹ್ನ ಎರಡು ಗಂಟೆಗೆ ಮಕ್ಕಳು ಮಲಗಿದಾಗ ಕೆಲವು ದಿನ ಕಾರಣವಿಲ್ಲದೆ ಅಳು ಬರುತ್ತದೆ ಎಂದೆ. ಇವರು ಅದನ್ನು ಕೇಳಿದ್ದು ಅದೇ ಮೊದಲು. ಸಾಲ ಎಷ್ಟು, ತಿಂಗಳಿಗೆ ಎಷ್ಟು ತೀರುತ್ತದೆ, ಮನೆಯಿಂದಲೇ ನಾನು ಕೇಕು ಮಾಡಿಕೊಟ್ಟರೆ ಎಷ್ಟು ಸಿಗುತ್ತದೆ, ಎಲ್ಲವನ್ನೂ ಬಸ್ ಟಿಕೆಟಿನ ಹಿಂದೆ ಬರೆದು ಲೆಕ್ಕ ಹಾಕಿದೆವು. ಆ ಕೆಲಸಕ್ಕೆ ಬೇಡ ಎಂದು ಹೇಳುವುದು ಎಂದಾಯಿತು. ಮುಂದೆ ಎಂದಾದರೂ ಹೋಗಬೇಕಾಗಲೂಬಹುದು. ಹೋಗುವುದಾದರೆ ಇಬ್ಬರೂ ಹೀಗೆ ಕೂತು ಲೆಕ್ಕ ಹಾಕಿದ ಮೇಲೆಯೇ.

ಗೋಳಗುಮ್ಮಟ ಎಲ್ಲಿಗೂ ಹೋಗುವುದಿಲ್ಲ, ಮಕ್ಕಳು ದೊಡ್ಡವರಾದ ಮೇಲೆ ನೋಡಬಹುದಿತ್ತು ಎಂದು ಒಬ್ಬರು ಹೇಳಿದರು. ನಿಜ. ಆದರೆ ಆ ಎರಡು ಗಂಟೆಯ ಮಾತು ಕಾಯುತ್ತಿರಲಿಲ್ಲ. ಅಷ್ಟರಲ್ಲಿ ಇವರು ದಮ್ಮಾಮಿನಲ್ಲಿರುತ್ತಿದ್ದರು.

ಖರ್ಚಿನ ಬಗ್ಗೆಯೂ ಹೇಳಬೇಕು, ಏಕೆಂದರೆ "ದುಡ್ಡಿದ್ದವರ ಷೋಕಿ" ಎಂಬ ಮಾತೂ ಕೇಳಿಬಂತು. ಲಾಡ್ಜು, ಬಸ್ಸು, ಊಟ, ಟಾಂಗಾ, ಉಮ್ಮನಿಗೆ ತಂದ ಒಣದ್ರಾಕ್ಷಿ ಎಲ್ಲ ಸೇರಿ ಮೂರು ಸಾವಿರದ ಒಳಗೆ. ಉಮ್ಮನ ಮತ್ತು ತಮ್ಮನ ರೈಲಿನ ಖರ್ಚು ಬೇರೆ. ನಮ್ಮಲ್ಲಿ ಒಂದು ಮದುವೆಗೆ ಹಾಲು, ಪಂದಲು, ಬಿರಿಯಾನಿ ಎಂದು ಎಷ್ಟು ಲಕ್ಷ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿದೆ. ಮದುವೆಯಾದ ಹೊಸತರಲ್ಲಿ ಪುದಿಯಾಪ್ಲೆಯನ್ನೂ ಹೆಣ್ಣನ್ನೂ ತಿಂಗಳುಗಟ್ಟಲೆ ಮನೆಮನೆಗೆ ಕರೆದು ಔತಣ ಮಾಡುತ್ತೇವೆ. ಒಂದು ಮಗುವಾದ ಮೇಲೆ ಆ ಇಬ್ಬರನ್ನು ಇಬ್ಬರಾಗಿ ಯಾರೂ ಕರೆಯುವುದಿಲ್ಲ. ಮದುವೆಗೆ ಲಕ್ಷಗಟ್ಟಲೆ ಹಾಕಿದ ನಾವು ಅದು ನಡೆದುಕೊಂಡು ಹೋಗಲು ವರ್ಷಕ್ಕೆ ಮೂರು ಸಾವಿರ ಹಾಕಿದರೆ ದುಂದು ಎನ್ನುತ್ತೇವೆ.

ನಮ್ಮವರು ಗಂಡ ಹೆಂಡತಿ ಇಬ್ಬರೇ ಹೋಗುವುದಕ್ಕೆ ಒಪ್ಪಿಗೆ ಕೊಡುವುದು ಎರಡೇ ಜಾಗಕ್ಕೆ. ಒಂದು ಆಸ್ಪತ್ರೆ. ಇನ್ನೊಂದು ಹಜ್ಜ್ ಅಥವಾ ಉಮ್ರಾ, ಅದೂ ಬಹುಪಾಲು ಮಂಡಿನೋವು ಶುರುವಾದ ಮೇಲೆ. ನಡುವಿನ ಮೂವತ್ತು ವರ್ಷಕ್ಕೆ ಏನೂ ಇಲ್ಲ.

ಗಲ್ಫಿನಲ್ಲಿ ಗಂಡನಿರುವ ನನ್ನ ತಂಗಿಯರನ್ನು ನೆನೆದು ಇದನ್ನು ಇನ್ನೂ ಒತ್ತಿ ಹೇಳಬೇಕೆನಿಸುತ್ತದೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ನಲವತ್ತು ದಿನದ ರಜೆಯಲ್ಲಿ ಗಂಡ ಬರುತ್ತಾನೆ. ಬಂದ ದಿನದಿಂದ ಪೆಟ್ಟಿಗೆ ಬಿಚ್ಚುವುದು, ಸಂಬಂಧಿಕರ ಮನೆ, ಬಾಕಿ ಉಳಿದ ಮದುವೆ, ಮನೆ ರಿಪೇರಿ, ಕಚೇರಿ ಕೆಲಸ. ಎಲ್ಲರಿಗೂ ಅವನು ಬೇಕು. ಹೆಂಡತಿಯ ಪಾಲಿಗೆ ಉಳಿಯುವುದು ದಣಿದು ಮಲಗಿದ ಮನುಷ್ಯ. ಅತ್ತೆಯಂದಿರೇ, ಆ ನಲವತ್ತರಲ್ಲಿ ಎರಡು ದಿನ ನೀವೇ ಮೊಮ್ಮಕ್ಕಳನ್ನು ಇಟ್ಟುಕೊಂಡು "ಇಬ್ಬರೂ ಎಲ್ಲಿಗಾದರೂ ಹೋಗಿ ಬನ್ನಿ" ಎಂದು ಹೇಳಿನೋಡಿ. ಸೊಸೆ ಬಾಯಿ ಬಿಟ್ಟು ಕೇಳುವುದಿಲ್ಲ. ಮಗನಿಗೆ ನಿಮ್ಮೆದುರು ಹೇಳಲು ನಾಚಿಕೆ. ನೀವು ಹೇಳಿದರೆ ಮಾತ್ರ ಅದು ನಡೆಯುತ್ತದೆ.

ಹಾಗೆಂದು ಎಲ್ಲರೂ ನಾಳೆಯೇ ಬ್ಯಾಗು ಹಿಡಿದು ಹೊರಡಿ ಎನ್ನುವವಳಲ್ಲ ನಾನು. ಎದೆಹಾಲು ಕುಡಿಯುವ ಮಗುವನ್ನು, ಕಾಯಿಲೆಯ ಮಗುವನ್ನು ಬಿಟ್ಟು ಹೋಗುವ ಮಾತು ಬೇಡ. ಮಕ್ಕಳಿಗೆ ಸರಿಯಾಗಿ ಪರಿಚಯವಿಲ್ಲದವರ ಕೈಗೆ ಕೊಡುವುದೂ ಬೇಡ. ಉಮ್ಮ ಒಂದು ದಿನ ಮೊದಲೇ ಬಂದದ್ದು ಅದಕ್ಕೇ. ಅಜ್ಜಿಯರು ಸಂಬಳವಿಲ್ಲದ ಆಯಾ ಅಲ್ಲ ಎಂಬುದನ್ನೂ ನಾವು ನೆನಪಿಡಬೇಕು. ಅವರಿಗೆ ಆಗುತ್ತದೆಯೇ ಎಂದು ಕೇಳಬೇಕು, ಆಗುವುದಿಲ್ಲ ಎಂದರೆ ಬೇಸರ ಮಾಡಬಾರದು. ಬೇರೆ ಊರಿಗೆ ಹೋಗಲು ಅನುಕೂಲವಿಲ್ಲದವರು ಒಂದು ಮಧ್ಯಾಹ್ನವಾದರೂ ಬಸ್ಸು ಹತ್ತಿ ಪೇಟೆಗೆ ಹೋಗಿ ಚಾ ಕುಡಿದು ಬರಬಹುದು. ಊರು ಯಾವುದಾದರೂ ಆದೀತು, ಅಡ್ಡಿಯಿಲ್ಲದ ಮಾತು ಮುಖ್ಯ.

ಮಗ ಶನಿವಾರ ರಾತ್ರಿ ಹನ್ನೊಂದರವರೆಗೂ ಅತ್ತಿದ್ದನಂತೆ. ಉಮ್ಮ ಫೋನಿನಲ್ಲಿ ಹೇಳಿರಲಿಲ್ಲ. ಪಕ್ಕದ ಮನೆಯ ಆಯಿ ಬಂದು ಎತ್ತಿಕೊಂಡು ಅಂಗಳದಲ್ಲಿ ತಿರುಗಿದ ಮೇಲೆ ಮಲಗಿದನಂತೆ. ಕೇಳಿ ನನ್ನ ಕರುಳು ಚುರುಕ್ ಎಂದಿತು. ಇದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆದರೆ ಭಾನುವಾರ ಸಂಜೆ ನಾವು ಬಂದಾಗ ಅವನು ಓಡಿಬಂದು ಇವರ ಕಾಲು ಹಿಡಿದುಕೊಂಡ, ಎರಡು ನಿಮಿಷಕ್ಕೆ ಬಿಟ್ಟು ಮತ್ತೆ ಉಮ್ಮನ ಹತ್ತಿರ ಹೋದ. ಮಗಳು ಉಮ್ಮನಿಂದ ಒಂದು ಇಡೀ ಕತೆಯನ್ನು ಬ್ಯಾರಿಯಲ್ಲಿ ಕಲಿತಿದ್ದಳು. ಗೊಂಬೆಯನ್ನು ಕೂರಿಸಿ ಅದನ್ನೇ ಹೇಳುತ್ತಿದ್ದಳು. 2007ರಲ್ಲಿ ನಮ್ಮ ಭಾಷೆಗೆ ಸಾಹಿತ್ಯ ಅಕಾಡೆಮಿ ಬಂತು. ಅದು ಬಹಳ ದೊಡ್ಡ ಸಂಗತಿ. ಅದರ ಜೊತೆಗೆ ಮನೆಯಲ್ಲಿ ಅಜ್ಜಿ ಕತೆ ಹೇಳಬೇಕು, ಉಮ್ಮ ಉಪ್ಪ ಕೂತು ಮಾತಾಡಬೇಕು. ಅಷ್ಟಿದ್ದರೆ ಗಡಿಯಾಚೆಯ ಈ ಒಂದೇ ಮನೆಯಲ್ಲೂ ಭಾಷೆ ಉಳಿಯುತ್ತದೆ.

ಆಯಿಯ ಋಣವನ್ನು ಹೀಗೆ ತೀರಿಸಿದೆ. ಮುಂದಿನ ತಿಂಗಳು ಅವರ ಮಗ ಸೊಸೆಯನ್ನು ಕರೆದುಕೊಂಡು ಎರಡು ದಿನ ಕೊಲ್ಹಾಪುರಕ್ಕೆ ಹೋಗಿ ಬಂದರು. ಅವರ ನಾಲ್ಕು ವರ್ಷದ ಹುಡುಗ ಹಗಲೆಲ್ಲ ನಮ್ಮ ಮನೆಯಲ್ಲಿದ್ದ. ಬನ್ನು ತಿಂದು ತಿಂದು ಊಟ ಬೇಡವೆಂದ. ಆಯಿಗೆ ಸ್ವಲ್ಪ ಬಿಡುವಾಯಿತು.

ಕೊನೆಯದಾಗಿ ಉಮ್ಮನ ಮಾತು. ಭಾನುವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಉಮ್ಮನ ಕಾಲು ಒತ್ತುತ್ತಾ ಕೇಳಿದೆ, "ನಾನು ಮಾಡಿದ್ದು ತಪ್ಪಾಯಿತಾ ಉಮ್ಮ? ನೀವೂ ಉಪ್ಪನೂ ಹೀಗೆಲ್ಲ ಹೋಗಿದ್ದೇ ಇಲ್ಲ."

ಉಮ್ಮ ಹೇಳಿದರು, "ಹೋಗದೆ ಏನು? ಮೂವತ್ತೊಂದು ವರ್ಷದಲ್ಲಿ ನಾವಿಬ್ಬರೇ ಹೋದದ್ದು ಡಯಾಲಿಸಿಸ್‌ಗೆ. ವಾರಕ್ಕೆ ಎರಡು ಸಲ ಉಪ್ಪಿನಂಗಡಿಯಿಂದ ಮಂಗಳೂರಿಗೆ ಬಸ್ಸು. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ಕಿಟಕಿಯ ಹತ್ತಿರ ಅವರನ್ನು ಕೂರಿಸಿ ಪಕ್ಕದಲ್ಲಿ ನಾನು. ಅಂಗಡಿ ಇರುವಾಗ ಹತ್ತು ಮಾತಾಡದ ಮನುಷ್ಯ ಆ ಬಸ್ಸಿನಲ್ಲಿ ಎಷ್ಟು ಮಾತಾಡುತ್ತಿದ್ದರು ಗೊತ್ತಾ? ಸಣ್ಣಂದಿನಲ್ಲಿ ಹೊಳೆಯಲ್ಲಿ ಈಜಿದ್ದು, ಮದರಸದಲ್ಲಿ ಪೆಟ್ಟು ತಿಂದದ್ದು, ನನ್ನನ್ನು ನೋಡಲು ಬಂದ ದಿನ ಹೆದರಿದ್ದು. ಆ ಬಸ್ಸಿನಲ್ಲೇ ನಿನ್ನ ಉಪ್ಪನ ಪರಿಚಯ ನನಗೆ ಸರಿಯಾಗಿ ಆದದ್ದು. ಎಂಟು ತಿಂಗಳು ಸಿಕ್ಕಿತು."

ಆಮೇಲೆ ನನ್ನ ಕೈಯನ್ನು ತನ್ನ ಕಾಲಿನಿಂದ ತೆಗೆದು, "ಸಾಕು, ಹೋಗಿ ಮಲಗು. ಮುಂದಿನ ಸಲಕ್ಕೆ ಒಂದು ತಿಂಗಳು ಮೊದಲೇ ಹೇಳು, ರೈಲಿನಲ್ಲಿ ಕೆಳಗಿನ ಬರ್ತು ಸಿಗುವುದಿಲ್ಲ" ಎಂದರು.